ನಡುನಡುವೆ ಮೂಕವಾಗುವ ತಟ್ಟೆ

ಚಿತ್ರದುರ್ಗದ ಪೇಟೆಬೀದಿಯಲ್ಲಿ ನಾನು ದುಡಿದ ಅಂಗಡಿ ಇನ್ನೂ ಇದೆ. ಈಗ ಅಲ್ಲಿ ರೇಡಿಯೋ ಮಾರುತ್ತಾರೆ. ನಾನು ಆ ಕಡೆ ಹೋದರೆ ಹೊಸದಾಗಿ ಸೇರಿದ ಹುಡುಗರು ಸ್ಟೂಲು ಎಳೆದು ಕೂರಿಸುತ್ತಾರೆ, ಕಾಫಿ ತರಿಸುತ್ತಾರೆ, ಆಮೇಲೆ ಮಾರಾಟದ ಗುಟ್ಟು ಹೇಳಿ ಎಂದು ಗಂಟುಬೀಳುತ್ತಾರೆ. ನನಗೆ ಯಾವ ಗುಟ್ಟೂ ಗೊತ್ತಿಲ್ಲ. ಗೊತ್ತಿದ್ದರೆ ನಾನೇ ಒಂದು ಅಂಗಡಿ ಇಟ್ಟಿರುತ್ತಿದ್ದೆ. ನನಗೆ ಗೊತ್ತಿರುವುದು ಗ್ರಾಮಫೋನನ್ನು ಗಾಡಿಯಲ್ಲಿ, ಹೆಗಲ ಮೇಲೆ, ಒಮ್ಮೊಮ್ಮೆ ಕತ್ತೆಯ ಬೆನ್ನಿನ ಮೇಲೆ ಹೇರಿಕೊಂಡು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯನ್ನು ಸುತ್ತಿದ್ದು. ಅದನ್ನಷ್ಟೇ ಬರೆಯುತ್ತೇನೆ. ಸಂಬಳ ಯಾವಾಗ ಏರಿತು, ಹೆಡ್ ಏಜೆಂಟ್ ಯಾವಾಗ ಆದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಅದರಿಂದ ಯಾರೂ ಏನೂ ಕಲಿಯುವಂತಿಲ್ಲ.

ನಮ್ಮ ಸಾಹುಕಾರ ರುದ್ರಪ್ಪನವರದು ಜವಳಿ ವ್ಯಾಪಾರ. ಮಠಕ್ಕೆ ನಡೆದುಕೊಳ್ಳುವವರು, ವಿಭೂತಿ ಧರಿಸದೆ ಗಲ್ಲಾದ ಮುಂದೆ ಕೂತವರಲ್ಲ. ಬೆಂಗಳೂರಿನಲ್ಲಿ ಯಾರದೋ ಮನೆಯ ಸಮಾರಂಭದಲ್ಲಿ ಈ ಪೆಟ್ಟಿಗೆ ಹಾಡಿದ್ದನ್ನು ಕೇಳಿ ಬಂದರು. ಬಂದವರೇ ಸೀರೆಯ ಗಂಟುಗಳನ್ನು ಸರಿಸಿ ಒಂದು ಮೂಲೆ ಖಾಲಿ ಮಾಡಿಸಿ, ವಿಲಾಯತಿ ಕಂಪನಿಯೊಂದರ ಏಜೆನ್ಸಿ ಹಿಡಿದರು. ಬಟ್ಟೆ ಅಳೆದುಕೊಡುತ್ತಿದ್ದ ನನ್ನನ್ನು ಕರೆದು, "ಸಿದ್ದಪ್ಪ, ನಿನ್ನ ಹೆಗಲು ಗಟ್ಟಿ ಐತೆ. ಇದನ್ನ ಹೊತ್ಕಂಡು ಹಳ್ಳಿ ಮ್ಯಾಲೆ ಹೋಗು," ಎಂದರು. ನನಗೆ ಸಂಗೀತ ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಇಲ್ಲವೆನ್ನಬೇಕಾಗಿತ್ತು.

ಈಗಿನವರಿಗೆ ಆ ಸಾಮಾನಿನ ಪರಿಚಯ ಹೇಳಬೇಕು. ಮರದ ಪೆಟ್ಟಿಗೆ, ಪಕ್ಕದಲ್ಲಿ ಚಾವಿ, ಮೇಲೆ ಹಿತ್ತಾಳೆಯ ದೊಡ್ಡ ಕೊಂಬು. ಚಾವಿ ಕೊಟ್ಟರೆ ತಟ್ಟೆ ತಿರುಗುತ್ತಿತ್ತು, ತಟ್ಟೆಯ ಗೀರಿನ ಮೇಲೆ ಮುಳ್ಳು ಇಟ್ಟರೆ ಹಾಡುತ್ತಿತ್ತು. ರೆಕಾರ್ಡು ಎಂಬ ಮಾತು ನಮ್ಮ ಕಡೆ ಆಮೇಲೆ ಬಂದದ್ದು, ಆಗ ಎಲ್ಲರೂ ತಟ್ಟೆ ಎನ್ನುತ್ತಿದ್ದರು. ಒಂದು ತಟ್ಟೆಗೆ ಒಂದೇ ಮುಖ, ಒಂದೇ ಹಾಡು, ಬೆನ್ನು ಬೋಳು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೆಂಪಾಗುವಷ್ಟರಲ್ಲಿ ಹಾಡು ಮುಗಿದುಹೋಗುತ್ತಿತ್ತು. ಅರಗಿನ ಮಾಲಾದ್ದರಿಂದ ಬಿಸಿಲು ತಾಗುವಂತಿರಲಿಲ್ಲ. ಮಾರಿಕಣಿವೆಯಲ್ಲಿ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದಾಗ ಅಲ್ಲಿನ ಓವರ್‌ಸಿಯರೊಬ್ಬರು, ತಟ್ಟೆಗಳಿಗೆ ಶೀತ ಹಿಡಿದಿದೆ, ಅದಕ್ಕೇ ದನಿ ಗೊಗ್ಗರಾಗಿದೆ ಎಂದು ತಾವೇ ತೀರ್ಮಾನಿಸಿ ಬಂಡೆಯ ಮೇಲೆ ಒಣಹಾಕಿಸಿದರು. ಊಟ ಮುಗಿಸಿ ಬಂದು ನೋಡಿದರೆ ಎಲ್ಲವೂ ಹಪ್ಪಳದ ಹಾಗೆ ಸುರುಟಿಕೊಂಡಿದ್ದವು. ಓವರ್‌ಸಿಯರು ಕಂಪನಿಯನ್ನು ಬೈದರು, ಸಾಹುಕಾರರು ನನ್ನನ್ನು ಬೈದರು, ನಾನು ಬೈಯಲು ಯಾರೂ ಇರಲಿಲ್ಲ.

ಪೆಟ್ಟಿಗೆಯೊಳಗೆ ಮನುಷ್ಯನೊಬ್ಬ ಕೂತಿದ್ದಾನೆಂದು ಹಳ್ಳಿಯವರು ನಂಬುತ್ತಿದ್ದರು ಅಂತ ಪೇಟೆಯವರು ಕಥೆ ಕಟ್ಟಿ ನಗುತ್ತಾರೆ. ಇಷ್ಟು ವರ್ಷ ಸುತ್ತಿದರೂ ಅಂಥ ದಡ್ಡ ನನಗೆ ಒಬ್ಬನೂ ಸಿಗಲಿಲ್ಲ. ಹಳ್ಳಿಯವರು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಹಾಡಿದವಳು ಯಾರ ಪೈಕಿ? ಬದುಕಿದ್ದಾಳೋ ಸತ್ತಿದ್ದಾಳೋ? ಅವಳು ಹಾಡಿದ್ದನ್ನು ನೀನು ಊರೂರು ಹೊತ್ತು ತಿರುಗುವುದು ಅವಳಿಗೆ ಗೊತ್ತೋ? ಕುರಿ ಕಾಯುವವರ ಹಟ್ಟಿಗಳಲ್ಲಿ ಇನ್ನೊಂದು ಪರೀಕ್ಷೆ ಇತ್ತು. ಪೆಟ್ಟಿಗೆ ಹಾಡಿದಾಗ ರೊಪ್ಪದ ಕುರಿಗಳು ತಲೆ ಎತ್ತುತ್ತವೆಯೋ ಎಂದು ನೋಡುತ್ತಿದ್ದರು. ಮದ್ರಾಸಿನ ದೊಡ್ಡ ವಿದ್ವಾಂಸರೊಬ್ಬರ ಹಾಡಿಗೆ ಒಂದು ಕುರಿಯೂ ತಲೆ ಎತ್ತಲಿಲ್ಲ. "ಬಿಡಪ್ಪ, ಅದ್ಕೆ ಹೊಟ್ಟೆ ತುಂಬೈತೆ," ಎಂದು ನನ್ನನ್ನೇ ಸಮಾಧಾನ ಮಾಡಿ ಕಳಿಸಿದರು.

ತಟ್ಟೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿ. ಹೊಳಲ್ಕೆರೆಯಲ್ಲಿ ಸಾಹುಕಾರರ ಬೀಗರು ಹೊಸ ಜವಳಿ ಅಂಗಡಿ ತೆರೆದಾಗ ಪೂಜೆಯ ಹೊತ್ತಿಗೆ ಒಳ್ಳೆಯ ಹಾಡು ಹಾಕಿಸಬೇಕೆಂದು ಸಾಹುಕಾರರೇ ತಮ್ಮ ಕೈಯಾರೆ ಒಂದು ತಟ್ಟೆ ಆರಿಸಿ ಕೊಟ್ಟರು. ಚೀಟಿಯ ಬಣ್ಣ ಚಿನ್ನದಂತಿತ್ತು ಎಂಬುದೇ ಅದರ ಯೋಗ್ಯತೆ. ಬೀಗರು ದೀಪ ಹಚ್ಚಿದರು, ನಾನು ಮುಳ್ಳು ಇಟ್ಟೆ. ಯಾರೋ ಬಿಳಿಯನೊಬ್ಬ ಹೊಟ್ಟೆ ಹಿಡಿದುಕೊಂಡು ಗಹಗಹಿಸಿ ನಗತೊಡಗಿದ. ತಟ್ಟೆ ಮುಗಿಯುವವರೆಗೂ ನಕ್ಕ. ಅದು ನಗುವುದಕ್ಕೆಂದೇ ಮಾಡಿದ ತಟ್ಟೆಯಂತೆ, ವಿಲಾಯತಿಯಲ್ಲಿ ಬಹಳ ಖರ್ಚಾಗುತ್ತಿತ್ತಂತೆ. ಬೀಗರು ಮೂರು ಹಬ್ಬ ಕಳೆದರೂ ಸಾಹುಕಾರರ ಮನೆಗೆ ಬರಲಿಲ್ಲ. ಅಂದಿನಿಂದ ನಾನು ಯಾವ ತಟ್ಟೆಯನ್ನೂ ಮನೆಯಲ್ಲಿ ಕೇಳದೆ ಹೊರಗೆ ಒಯ್ದದ್ದಿಲ್ಲ. ಈ ಕೆಲಸಕ್ಕೆ ಬರುವವರು ಇದೊಂದನ್ನು ರೂಢಿ ಮಾಡಿಕೊಂಡರೆ ಸಾಕು.

ಇನ್ನು ಗಿರಿಯಮ್ಮನ ತಟ್ಟೆಯ ವಿಷಯ. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಹಾಡು ಹಿಡಿಯುವ ದೊರೆಯೊಬ್ಬ ಬೆಂಗಳೂರಿಗೆ ಬರುತ್ತಾನೆ, ಪ್ರತಿಯೊಬ್ಬ ಏಜೆಂಟನೂ ತನ್ನ ಸೀಮೆಯ ಒಬ್ಬ ಹಾಡುಗಾರನನ್ನು ಕರೆತರಬೇಕು ಎಂದು ಕಂಪನಿಯಿಂದ ಹುಕುಂ ಬಂತು. ಸಾಹುಕಾರರಿಗೆ ಮಠದ ಶಾಸ್ತ್ರಿಗಳನ್ನು ಕಳಿಸುವ ಮನಸ್ಸಿತ್ತು. ಶಾಸ್ತ್ರಿಗಳು ಕೊಂಬಿನ ಮುಂದೆ ಬಾಯಿ ತೆರೆಯುವುದಿಲ್ಲವೆಂದರು. ಆಗ ನಾನು ಹಿರಿಯೂರು ಕಡೆಯ ಹಟ್ಟಿಯೊಂದರಲ್ಲಿ ಕೇಳಿದ್ದ ಹೆಣ್ಣು ಒಪ್ಪಿಸುವ ಪದದ ಮಾತೆತ್ತಿದೆ.

ಆ ಹಟ್ಟಿಯವರ ಮದುವೆಯಲ್ಲಿ ಹೆಣ್ಣನ್ನು ಗಂಡಿನ ಕಡೆಗೆ ಕಳಿಸಿಕೊಡುವಾಗ ಹೆತ್ತ ತಾಯಿಯೇ ಪದ ಎತ್ತಬೇಕು. ಅವಳಿಂದ ಆಗದಿದ್ದರೆ ಮಾತ್ರ ಇನ್ನೊಬ್ಬ ಮುತ್ತೈದೆ. ಒಂದೊಂದು ಸೊಲ್ಲಿನಲ್ಲಿ ಒಂದೊಂದನ್ನು ಒಪ್ಪಿಸುತ್ತಾ ಹೋಗುತ್ತಾಳೆ. ಎಣ್ಣೆ ಹಚ್ಚಿ ಬಾಚಿದ ತಲೆ, ಮರಿಯ ಹಿಂದೆ ಓಡಿದ ಕಾಲು, ಮೊಸರು ಕಡೆದ ಕೈ, ಮುನಿಸು, ಮಾತು, ಎಲ್ಲ ಆದಮೇಲೆ ಕೊನೆಗೆ ಹುಡುಗಿ. ಒಂದು ಸೊಲ್ಲು ಮುಗಿದ ಕೂಡಲೇ ಎದುರಿಗೆ ನಿಂತ ಗಂಡಿನ ಕಡೆಯ ಹೆಂಗಸರು, ಒಪ್ಪಿಕೊಂಡೆವು ಎಂದು ಅದೇ ರಾಗದಲ್ಲಿ ತಿರುಗಿ ಹಾಡಬೇಕು. ಅವರು ಒಪ್ಪಿಕೊಂಡ ಮೇಲೆಯೇ ತಾಯಿ ಮುಂದಿನ ಸೊಲ್ಲಿಗೆ ಹೋಗುವುದು.

ಗಿರಿಯಮ್ಮ ಆ ಪದ ಎತ್ತುವುದರಲ್ಲಿ ಹೆಸರಾದವಳು. ಅವಳ ದೊಡ್ಡ ಮಗಳ ಮದುವೆಯಲ್ಲಿ ನಾನು ಕೇಳಿದ್ದೆ. ಎತ್ತರದ, ಕಪ್ಪನೆಯ ಹೆಂಗಸು, ಗಂಡ ಕಾಟಪ್ಪ ಕುರಿ ಕಾಯುವವನು. ನಾನು ಹೋಗಿ ಬೆಂಗಳೂರಿನ ವಿಷಯ ಹೇಳಿದಾಗ ರೊಪ್ಪ ಗುಡಿಸುತ್ತಿದ್ದವಳು ಪೊರಕೆ ಊರಿಕೊಂಡು ನಿಂತು ಕೇಳಿದಳು.

"ನನ್ನ ದನಿ ಅದ್ರಾಗೆ ಹೋದ್ರೆ ನನ್ನ ಹತ್ರ ಉಳಿತೈತೋ ಇಲ್ಲೋ?"

"ಉಳಿಯದೆ ಎಲ್ಲಿಗೆ ಹೋಗ್ತೈತೆ ಗಿರಿಯಕ್ಕ?"

"ನಿಂಗೇನಪ್ಪ ಗೊತ್ತು? ನೀನೇನು ಹಾಡಿದೀಯಾ ಅದ್ರಾಗೆ?" ಎಂದಳು. ಒಳಗಿನಿಂದ ಇಣುಕುತ್ತಿದ್ದ ಕಿರಿಯ ಮಗಳನ್ನು ತೋರಿಸಿದಳು. "ನೋಡು, ಈರಿ ಒಬ್ಳು ಉಳಿದವಳೆ. ಅವಳನ್ನ ನಾನೇ ಒಪ್ಪಿಸ್ಬೇಕು. ಅದ್ಕೆ ನನ್ನ ದನಿ ಬೇಕು. ಉಳಿದಿದ್ದು ಏನಾದ್ರೂ ಮಾಡ್ಕ."

ಕಾಟಪ್ಪ ಜೊತೆಗೆ ಬರುವುದಾದರೆ ಬರುತ್ತೇನೆಂದಳು. ಎದುರು ಹಾಡಲು ಇನ್ನಿಬ್ಬರು ಹೆಂಗಸರನ್ನು ಒಪ್ಪಿಸಿ ಹೊಸದುರ್ಗ ರೋಡ್ ಸ್ಟೇಷನ್ನಿನವರೆಗೆ ಗಾಡಿಯಲ್ಲಿ ಕರೆತಂದೆ. ರೈಲು ಬುಸುಗುಟ್ಟುತ್ತಾ ಬಂದು ನಿಂತದ್ದನ್ನು ನೋಡಿ ಆ ಇಬ್ಬರೂ ಗಾಡಿಯಿಂದ ಇಳಿಯಲಿಲ್ಲ. "ನೀವು ಹೋಗ್ಬರ್ರಿ, ನಾವು ಇಲ್ಲೇ ಕಾಯ್ಕಂಡಿರ್ತೀವಿ," ಎಂದರು. ಗಿರಿಯಮ್ಮ ಮಾತ್ರ ಗಂಡನ ಹಿಂದೆ ಹತ್ತಿ ಕಂಬಳಿ ಹಾಸಿ ಕೆಳಗೆ ಕೂತಳು.

ಬೆಂಗಳೂರಿನ ಆ ಕೋಣೆಯಲ್ಲಿ ಗೋಡೆಯಿಂದ ಒಂದು ಕೊಂಬು ಹೊರಬಂದಿತ್ತು. ಹಾಡುವವರು ಅದರ ಬಾಯಿಗೆ ಮುಖ ಕೊಟ್ಟು ಹಾಡಬೇಕು. ದನಿ ಏರಿದಾಗ ಹಿಂದೆ ಸರಿಯಬೇಕು, ಇಳಿದಾಗ ಮುಂದೆ ಬರಬೇಕು. ಹಾಡುವವರಿಗೆ ಅದರ ಅಂದಾಜು ಇರದಿದ್ದರಿಂದ ದೊರೆಯ ಸಹಾಯಕನೊಬ್ಬ ಅವರ ಭುಜ ಹಿಡಿದು ಎಳೆಯುವುದು ತಳ್ಳುವುದು ಮಾಡುತ್ತಿದ್ದ. ಅವನು ಗಿರಿಯಮ್ಮನ ಭುಜಕ್ಕೆ ಕೈ ಹಾಕಿದಾಗ ಕಾಟಪ್ಪ ತನ್ನ ದೊಣ್ಣೆಯನ್ನು ಮಧ್ಯೆ ತಂದ. ಕೊನೆಗೆ ಆ ಕೆಲಸ ಅವನಿಗೇ ಬಂತು. ದೊರೆಯ ದುಭಾಷಿ ಸನ್ನೆ ಮಾಡಿದಂತೆ ಅವನು ಹೆಂಡತಿಯನ್ನು ಹಿಂದೆ ಮುಂದೆ ಮಾಡಿದ.

ಗಿರಿಯಮ್ಮ ಮೊದಲ ಸೊಲ್ಲು ಎತ್ತಿದಳು. ಕೋಣೆಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟರು. ಸೊಲ್ಲು ಮುಗಿಯಿತು, ಅವಳು ಬಾಯಿ ಮುಚ್ಚಿ ನಿಂತಳು. ಎದುರಿನವರು ಹಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು ಎರಡನೆಯದನ್ನು ಎತ್ತಿದಳು. ದೊರೆ ಕೈ ಅಲ್ಲಾಡಿಸಿ ನಿಲ್ಲಿಸಿದ. ನಿಲ್ಲಿಸದೆ ಒಂದೇ ಸಮನೆ ಹಾಡಬೇಕೆಂದು ದುಭಾಷಿ ತಿಳಿಸಿದ. ಅವಳು ತಲೆಯಾಡಿಸಿದಳು. ದನಿ ಕೊರೆದುಕೊಳ್ಳುವ ಮೇಣದ ಬಿಲ್ಲೆ ತೆಗೆದು ಹೊಸ ಮೇಣ ಹಾಕಿದರು. ಮತ್ತೆ ಹಾಗೆಯೇ ನಿಂತಳು.

"ಯಾಕಮ್ಮ ನಿಲ್ತೀಯ?" ಎಂದು ದುಭಾಷಿ ರೇಗಿದ.

"ಅವ್ರು ಒಪ್ಕಳದೆ ನಾನು ಮುಂದ್ಲದ್ದು ಹೆಂಗೆ ಕೊಡ್ಲಿ? ಹುಡುಗಿನ ಬಯಲಾಗೆ ಬಿಟ್ಟು ಬಂದಂಗೆ ಆಗ್ತೈತೆ."

"ಇಲ್ಲಿ ಹುಡುಗಿಯೂ ಇಲ್ಲ, ಒಪ್ಪಿಕೊಳ್ಳುವವರೂ ಇಲ್ಲ. ಸುಮ್ಮನೆ ಹಾಡು."

"ಸುಮ್ನೆ ಹಾಡಕೆ ಇದೇನು ಹಾಡಾ?" ಎಂದಳು.

ದುಭಾಷಿ ಅದನ್ನು ದೊರೆಗೆ ಯಾವ ಇಂಗ್ಲಿಷಿನಲ್ಲಿ ಹೇಳಿದನೋ ನನಗೆ ಗೊತ್ತಿಲ್ಲ. ದೊರೆ ಗಡಿಯಾರ ನೋಡಿಕೊಂಡು, ಮೂರನೆಯ ಮೇಣದಲ್ಲಿ ಅವಳು ಹಾಡಿದಷ್ಟನ್ನು, ಸುಮ್ಮನಿದ್ದಷ್ಟನ್ನು ಹಿಡಿದುಕೊಂಡು ಹೊರಗೆ ಕಳಿಸಿದ. ಕಾಟಪ್ಪನಿಗೆ ಕಬ್ಬನ್ ಪಾರ್ಕಿನ ಹುಲ್ಲು ನೋಡಿ, ಇಷ್ಟನ್ನು ಯಾರೂ ಮೇಯಿಸುವುದಿಲ್ಲವೇ ಎಂದು ಬಹಳ ಬೇಸರವಾಯಿತು. ನನಗೆ ಬೆಂಗಳೂರಿನ ಪ್ರವಾಸದಲ್ಲಿ ನೆನಪಿರುವುದು ಇಷ್ಟೇ.

ಮೇಣ ಹಡಗಿನಲ್ಲಿ ವಿಲಾಯತಿಗೆ ಹೋಗಿ ತಟ್ಟೆಯಾಗಿ ಹಡಗಿನಲ್ಲಿ ಬರಬೇಕಾಗಿದ್ದರಿಂದ ಮಾಲು ಕೈಗೆ ಸಿಗುವಷ್ಟರಲ್ಲಿ ನಾವೆಲ್ಲ ಮರೆತೇಬಿಟ್ಟಿದ್ದೆವು. ಬಂದ ದಿನ ಸಾಹುಕಾರರು ಅಂಗಡಿಯಲ್ಲೇ ಹಾಕಿಸಿದರು. ಒಂದು ಸೊಲ್ಲು ಕೇಳಿಸಿತು. ಆಮೇಲೆ ಮುಳ್ಳು ಉಜ್ಜುವ ಗೊರಗೊರ ಸದ್ದು. ಮತ್ತೆ ಒಂದು ಸೊಲ್ಲು, ಮತ್ತೆ ಗೊರಗೊರ.

"ಇದೇನಲೇ, ಅರ್ಧ ಹಾಡು ಅರ್ಧ ಗೊರಕೆ?" ಎಂದರು ಸಾಹುಕಾರರು.

ಪೇಟೆಯಲ್ಲಿ ಅದು ಪೂರಾ ಬಿದ್ದುಹೋಯಿತು. ಹೊಸದುರ್ಗದ ವಕೀಲರೊಬ್ಬರು ಕೊಂಡು, ಪೆಟ್ಟಿಗೆಯೇ ಕೆಟ್ಟಿತೆಂದು ಬಿಚ್ಚಿಸಿ, ಒಳಗಿನ ಸ್ಪ್ರಿಂಗು ಹಾರಿಹೋಗಿ, ತಟ್ಟೆಯನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ವಾಪಸು ಕಳಿಸಿದರು. ಹಿರಿಯೂರಿನ ವರ್ತಕರೊಬ್ಬರು, ನಡುನಡುವೆ ಮೂಕವಾಗುವ ತಟ್ಟೆಗೆ ಪೂರಾ ಬೆಲೆ ಯಾಕೆ ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಮಾರಾಟವಾಗದ ಮಾಲನ್ನು ಹಿಂದಿರುಗಿಸಲು ಕಂಪನಿ ಒಪ್ಪಿತು, ಸಾಹುಕಾರರು ಗಂಟು ಕಟ್ಟಿಸಿದರು. ಒಂದು ತಟ್ಟೆ ಮಾತ್ರ ನನ್ನ ತಿರುಗಾಟದ ಪೆಟ್ಟಿಗೆಯಲ್ಲಿತ್ತು. ಗಿರಿಯಮ್ಮನಿಗೆ ಒಂದು ಸಲ ಕೇಳಿಸಬೇಕೆಂದು ಇಟ್ಟುಕೊಂಡಿದ್ದೆ.

ಅವಳ ಹಟ್ಟಿ ಮುಟ್ಟುವ ಮೊದಲೇ, ಹೊಸದುರ್ಗದ ಕಡೆ ಒಂದು ಹಟ್ಟಿಯಲ್ಲಿ ಎತ್ತಿನ ಕಾಲಿಗೆ ಪೆಟ್ಟಾಗಿ ನಿಲ್ಲಬೇಕಾಯಿತು. ಕಣದಲ್ಲಿ ಹೆಂಗಸರು ಹುರುಳಿ ಬಡಿಯುತ್ತಿದ್ದರು. ಪೆಟ್ಟಿಗೆ ತೆಗೆದು, ಇದ್ದ ಒಳ್ಳೊಳ್ಳೆಯ ತಟ್ಟೆಗಳನ್ನೆಲ್ಲ ಹಾಕಿದೆ. ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಗಿರಿಯಮ್ಮನದನ್ನು ಇಟ್ಟೆ. ಮೊದಲ ಸೊಲ್ಲು ಆಯಿತು, ಗೊರಗೊರ ಶುರುವಾಯಿತು. ನಾನು ಮುಳ್ಳು ಎತ್ತಲೆಂದು ಕೈ ಚಾಚಿದ್ದೆ. ಅಷ್ಟರಲ್ಲಿ ಕಣದ ಆ ತುದಿಯಿಂದ ಒಬ್ಬ ಮುದುಕಿ, ಕೋಲು ಕೈಯಲ್ಲಿ ಹಿಡಿದೇ, ಒಪ್ಪಿಕೊಂಡೆವೆಂದು ರಾಗವಾಗಿ ತಿರುಗಿ ಹಾಡಿದಳು. ಅವಳ ಸೊಲ್ಲು ಮುಗಿಯುವುದಕ್ಕೂ ಗಿರಿಯಮ್ಮ ಎರಡನೆಯದನ್ನು ಎತ್ತುವುದಕ್ಕೂ ಸರಿಹೋಯಿತು. ಎರಡನೆಯದಕ್ಕೆ ಕಣದ ಹೆಂಗಸರೆಲ್ಲ ಸೇರಿ ಒಪ್ಪಿಕೊಂಡರು. ಮೂರನೆಯದರ ಹೊತ್ತಿಗೆ ಕೋಲುಗಳು ನೆಲದ ಮೇಲಿದ್ದವು.

ತಟ್ಟೆ ನಿಂತ ಮೇಲೆ ಆ ಮುದುಕಿ ಬಂದು ಕೇಳಿದ್ದು ಒಂದೇ ಮಾತು. "ಯಾರಪ್ಪ ಈಯಮ್ಮ? ಯಾವ ಮಗಳನ್ನ ಕೊಡ್ತಾವಳೆ?"

ನಾನು ಹೇಳಿದೆ. ಅವಳು ಇನ್ನೊಂದು ಸಲ ಹಾಕಿಸಿದಳು.

ಅಲ್ಲಿಂದ ಮುಂದೆ ನಾನು ಹೋದಲ್ಲೆಲ್ಲ ಅದನ್ನೇ ಕೇಳುತ್ತಿದ್ದರು. ಬಬ್ಬೂರಿನಲ್ಲಿ ಕಳೆ ತೆಗೆಯುತ್ತಿದ್ದವರು ಬದುವಿನ ಮೇಲೆ ಸಾಲಾಗಿ ನಿಂತು ಒಪ್ಪಿಕೊಂಡರು. ಹೊರಕೆರೆದೇವಪುರದಲ್ಲಿ ಜನ ಸೇರಿದ್ದು ನೋಡಿ, ಅಲ್ಲಿನ ಪಟೇಲರು ತಮ್ಮ ಜಗಲಿಯಲ್ಲಿ ಇಷ್ಟು ಜನ ಸೇರಲಿಲ್ಲವಲ್ಲ ಎಂದು ಉರಿದುಕೊಂಡು ಒಂದು ಪೆಟ್ಟಿಗೆಯನ್ನೇ ಕೊಂಡರು. ಆದರೆ ತಟ್ಟೆ ಕೊಳ್ಳುವವರ ಮನೆಯಲ್ಲಿ ಅದಕ್ಕೆ ಸೊಲ್ಲು ಕೊಡುವವರಿರಲಿಲ್ಲ, ಸೊಲ್ಲು ಕೊಡುವವರ ಮನೆಯಲ್ಲಿ ಪೆಟ್ಟಿಗೆ ಇರಲಿಲ್ಲ. ಮೆಚ್ಚಿಗೆಗೂ ಮಾರಾಟಕ್ಕೂ ಸಂಬಂಧವಿಲ್ಲವೆಂದು ನಾನು ಕಂಡುಕೊಂಡದ್ದು ಆ ವರ್ಷವೇ. ಹಟ್ಟಿಗಳಲ್ಲಿ ಜನ ತಟ್ಟೆಯ ಜೊತೆ ತಾವೂ ಹಾಡುತ್ತಾರೆಂದು ಸಾಹುಕಾರರಿಗೆ ಬರೆದೆ. "ಅವ್ರು ತಾವೇ ಹಾಡಾದಾದ್ರೆ ನಮ್ಮ ಪೆಟ್ಟಿಗೆ ಯಾಕಲೇ?" ಎಂದು ಅವರು ಎದುರು ಸಿಕ್ಕಾಗ ಕೇಳಿದರು.

ನಾನು ಅವಳ ಹಟ್ಟಿ ಮುಟ್ಟಿದಾಗ ಗಿರಿಯಮ್ಮ ತನ್ನ ತಟ್ಟೆಯನ್ನು ತಾನು ಕೇಳಿದಳು. ಸುತ್ತಲಿದ್ದವರು ಅವಳ ಮುಖ ನೋಡುತ್ತಿದ್ದರೆ ಅವಳು ಕೊಂಬನ್ನು ನೋಡುತ್ತಿದ್ದಳು. ಮುಗಿದ ಕೂಡಲೇ ಎದ್ದು, ಹಿತ್ತಿಲಿಗೆ ಹೋಗಿ, ಅದೇ ಪದದ ಒಂದು ಸೊಲ್ಲನ್ನು ದೊಡ್ಡದಾಗಿ ಎತ್ತಿ ನೋಡಿಕೊಂಡು ಬಂದಳು. "ಐತೆ ಕಣಪ್ಪ," ಎಂದಳು. ಕಾಟಪ್ಪ ನಕ್ಕ.

ಅದಾದ ಎರಡನೆಯ ವರ್ಷ ಕಾಟಪ್ಪ ಜ್ವರ ಬಂದು ತೀರಿಕೊಂಡ.

ನನಗೆ ಅದು ತಿಳಿದದ್ದು ಈರಿಯ ಮದುವೆಯ ಮುಂಚೆ, ಎಂದಿನ ತಿರುಗಾಟದಲ್ಲಿ ಆ ಹಟ್ಟಿಗೆ ಹೋದಾಗ. ಗಂಡು ಹೊಸದುರ್ಗದ ಕಡೆಯವನು. ಚಪ್ಪರಕ್ಕೆ ಗಳ ತಂದು ಹಾಕಿದ್ದರು. ಗಿರಿಯಮ್ಮ ಬರಿಗೈಯಲ್ಲಿ, ಬರಿಹಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮದುವೆಯಲ್ಲಿ ಪದ ಎತ್ತುವುದು ಮುತ್ತೈದೆಯ ಕೆಲಸ. ಅವಳ ವಾರಗಿತ್ತಿ ಎತ್ತುವುದೆಂದು ನಿಶ್ಚಯವಾಗಿತ್ತು. "ಕುಂತ್ಕಳಪ್ಪ ಸಿದ್ದಪ್ಪ, ಮಜ್ಜಿಗೆ ಕುಡಿ," ಎಂದಳು ಅಷ್ಟೇ.

ಮಾತಾಡಿದವಳು ಈರಿ. ನಾನು ಮಜ್ಜಿಗೆ ಕುಡಿದು ಗಾಡಿಯ ಹತ್ತಿರ ಬಂದಾಗ ಹಿಂದಿನಿಂದ ಬಂದು ನಿಂತಳು.

"ಮಾವ, ಆ ತಟ್ಟೆ ಇನ್ನೂ ಐತಾ?"

"ಐತೆ. ಸವೆದೈತೆ."

"ಅದ್ರಾಗೆ ಹಾಡುವಾಗ ನಮ್ಮಪ್ಪ ಇದ್ದ. ನಮ್ಮವ್ವನ ಹಣೆಯಾಗೆ ಕುಂಕುಮ ಇತ್ತು. ಆ ದನಿ ಮುತ್ತೈದೆ ದನಿನೇ ಅಲ್ವಾ?"

ಈ ಕಸುಬಿನಲ್ಲಿ ನನ್ನನ್ನು ಎಷ್ಟೋ ಜನ ಎಷ್ಟೋ ಕೇಳಿದ್ದಾರೆ. ಇದನ್ನು ಯಾರೂ ಕೇಳಿರಲಿಲ್ಲ. ಯಜಮಾನರನ್ನು ಕೇಳು ಎಂದೆ. ಅವಳು ನಿಂತ ಹೆಜ್ಜೆಯಲ್ಲೇ ಹೋಗಿ ಕೇಳಿಬಿಟ್ಟಳು.

ಹಟ್ಟಿಯ ಯಜಮಾನ ಚಿಕ್ಕಣ್ಣ ನಿಧಾನಸ್ಥ. ನಾಲ್ಕು ಜನ ಹಿರಿಯರನ್ನು ಕರೆಸಿ ಕಟ್ಟೆಯ ಮೇಲೆ ಕೂರಿಸಿದ. ನನ್ನನ್ನೂ ಕರೆಸಿದ.

"ಈ ಪೆಟ್ಟಿಗೆ ಈಗ ಹಾಡ್ತೈತೋ, ಆಗ ಹಾಡಿದ್ದನ್ನ ಹೇಳ್ತೈತೋ?" ಎಂದು ಕೇಳಿದ.

"ಆಗ ಹಾಡಿದ್ದನ್ನ ಈಗ ಹೇಳ್ತೈತೆ," ಎಂದೆ.

"ಹಂಗಾರೆ ಅವಳು ಈಗ ಎತ್ತಂಗಿಲ್ಲ."

"ಇಲ್ಲ. ಅವಳು ಬಾಯಿನೂ ಬಿಡಂಗಿಲ್ಲ."

ಒಬ್ಬ ಹಿರಿಯ, ಇದೆಲ್ಲ ಪೇಟೆಯ ಆಟ, ಬೇಡ ಎಂದ. ಇನ್ನೊಬ್ಬ, ಗಂಡಿನ ಕಡೆಯವರು ಏನನ್ನುತ್ತಾರೋ ಎಂದ. ಚಿಕ್ಕಣ್ಣ ಬಹಳ ಹೊತ್ತು ನೆಲ ಕೆದಕಿ ತೀರ್ಪು ಹೇಳಿದ. ಗಂಡಿನ ಕಡೆಯವರು ಒಪ್ಪಿದರೆ ತಟ್ಟೆ ಹಾಡಲಿ. ಗಿರಿಯಮ್ಮ ಚಪ್ಪರದೊಳಗೆ ಬರಕೂಡದು, ಮನೆಯ ಹಿಂದೆ ಇರಲಿ. ಪದ ಎತ್ತಿದವಳ ಸೆರಗಿಗೆ ಹುಡುಗಿ ಹೋಗುವಾಗ ಬೊಗಸೆ ಅಕ್ಕಿ ಹಾಕಿ ಹೋಗುವುದು ವಾಡಿಕೆ. ಆ ಅಕ್ಕಿಯನ್ನು ಪೆಟ್ಟಿಗೆಯ ಮುಂದೆ ಇಟ್ಟು ಹೋಗಲಿ. ಅದು ಗಂಡ ಸತ್ತವಳಿಗೆ ಕೊಡುವ ಅಕ್ಕಿಯಲ್ಲ.

ಗಂಡಿನ ಕಡೆಗೆ ಆಳು ಹೋಗಿ ಬಂದ. ಅವರಿಗೆ ಆ ತಟ್ಟೆ ಹೊಸದಾಗಿರಲಿಲ್ಲ. ಮೂರು ಸುಗ್ಗಿಯಿಂದ ನನ್ನ ಪೆಟ್ಟಿಗೆಗೆ ಅವರು ಸೊಲ್ಲು ಕೊಟ್ಟಿದ್ದರು. "ಅದೇ ಆಯಮ್ಮನ ಮಗಳಾ? ಆಗ್ಲಿ ತಗಳ್ರಿ," ಎಂದರಂತೆ.

ನನಗೆ ಅಂಜಿಕೆ ಇದ್ದದ್ದು ತಟ್ಟೆಯ ವಿಷಯದಲ್ಲಿ. ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಇದ್ದೊಂದು ತಟ್ಟೆ ಊರೂರಿನ ಧೂಳು ತಿಂದು ಗೀರು ಸವೆದು, ದನಿ ದೂರದಿಂದ ಬಂದಂತೆ ಕೇಳುತ್ತಿತ್ತು. ಹೊಸ ಮುಳ್ಳು ಹಾಕಿದೆ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆ. ಅದಕ್ಕಿಂತ ಹೆಚ್ಚು ಮಾಡುವಂಥದ್ದು ಇರಲಿಲ್ಲ.

ಮದುವೆಯ ಮಾರನೆಯ ಬೆಳಿಗ್ಗೆ ಹುಡುಗಿಯನ್ನು ಒಪ್ಪಿಸಲು ನಿಂತರು. ಒಂದು ಕಡೆ ಹುಡುಗಿಯ ಬಳಗ, ಎದುರಿಗೆ ಗಂಡಿನ ಕಡೆಯ ಹೆಂಗಸರು, ನಡುವೆ ಮಣೆಯ ಮೇಲೆ ನನ್ನ ಪೆಟ್ಟಿಗೆ. ಗಿರಿಯಮ್ಮ ಕಾಣಿಸಲಿಲ್ಲ. ಮುಳ್ಳು ಇಟ್ಟೆ. ತಲೆಯನ್ನು ಒಪ್ಪಿಸಿದಳು, ಒಪ್ಪಿಕೊಂಡರು. ಕಾಲನ್ನು ಒಪ್ಪಿಸಿದಳು, ಒಪ್ಪಿಕೊಂಡರು. ಕೈ, ಮುನಿಸು, ಮಾತು. ನಾನು ಅದನ್ನು ಎಷ್ಟೋ ಸಲ ಕೇಳಿದ್ದವನು. ಎದುರಿಗೆ ನಿಜವಾದ ಹುಡುಗಿಯೊಬ್ಬಳನ್ನು ನಿಲ್ಲಿಸಿಕೊಂಡು ಕೇಳಿದ್ದು ಅದೇ ಮೊದಲು.

ಕೊನೆಯದಕ್ಕೆ ಮೊದಲಿನ ಸೊಲ್ಲಿನಲ್ಲಿ ಮುಳ್ಳು ಸಿಕ್ಕಿಕೊಂಡಿತು.

ಮಾತನ್ನು ಒಪ್ಪಿಸಿದ ಸೊಲ್ಲು ಮುಗಿಯಿತು, ಹೆಂಗಸರು ಒಪ್ಪಿಕೊಂಡರು. ಮುಳ್ಳು ಹಿಂದಕ್ಕೆ ಜಾರಿ ಅದೇ ಸೊಲ್ಲು ಮತ್ತೆ ಬಂತು. ಅವರು ಮತ್ತೆ ಒಪ್ಪಿಕೊಂಡರು. ಮೂರನೆಯ ಸಲವೂ ಅದೇ. ಗಂಡಿನ ಕಡೆಯ ಮುದುಕಿ, ಕಣದಲ್ಲಿ ಮೊದಲು ಸೊಲ್ಲು ಕೊಟ್ಟವಳೇ ಅವಳು, ಸೆರಗಿನಿಂದ ಕಣ್ಣೊರೆಸಿಕೊಂಡು, "ತಾಯಿಗೆ ಕೊಡಕೆ ಮನಸಿಲ್ಲ ಕಣ್ರೇ," ಎಂದಳು. ಹೆಂಗಸರಲ್ಲಿ ಅಳು ಶುರುವಾಯಿತು. ಈರಿ ತಲೆ ಬಗ್ಗಿಸಿದಳು. ಗೀರು ಸವೆದಿದೆ, ಬೆರಳಿನಿಂದ ಒಂದಿಷ್ಟು ತಳ್ಳಿದರೆ ಮುಂದೆ ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೈ ಮುಂದೆ ಹೋಗಲಿಲ್ಲ. ತಳ್ಳುವುದಕ್ಕೆ ನಾನು ಯಾರು ಅನಿಸಿತು. ನಾಲ್ಕನೆಯ ಸಲ, ಐದನೆಯ ಸಲ ಬಂತು. ಒಪ್ಪಿಕೊಳ್ಳುವವರ ದನಿ ಒಡೆದು ಇಳಿಯುತ್ತಾ ಬಂತು. ಚಿಕ್ಕಣ್ಣ ನನ್ನ ಕಡೆ ನೋಡಿದ.

ಆಗ ಮನೆಯ ಹಿಂದಿನಿಂದ ಗಿರಿಯಮ್ಮನ ದನಿ ಕೇಳಿಸಿತು. ರಾಗವಿರಲಿಲ್ಲ, ಬರೀ ಮಾತು.

"ಸಿದ್ದಪ್ಪ, ಮುಂದಕ್ಕೆ ತಳ್ಳಪ್ಪ. ಹುಡುಗಿ ನಿಂತೈತೆ."

ತಳ್ಳಿದೆ. ತಟ್ಟೆಯ ಗಿರಿಯಮ್ಮ ಹುಡುಗಿಯನ್ನು ಒಪ್ಪಿಸಿದಳು. ಎದುರಿನವರು ಒಪ್ಪಿಕೊಂಡರು. ನಾನು ಮುಳ್ಳು ಎತ್ತಿದೆ.

ಚಿಕ್ಕಣ್ಣ ಹೇಳಿದ್ದಂತೆ ಯಾರೋ ಮೊರದಲ್ಲಿ ಅಕ್ಕಿ ತಂದು ಈರಿಯ ಬೊಗಸೆಗೆ ಸುರಿದರು. ಪೆಟ್ಟಿಗೆಯ ಮುಂದೆ ಎಲೆ ಹಾಸಿದ್ದರು. ಅವಳು ಪೆಟ್ಟಿಗೆಯ ಹತ್ತಿರ ಬಂದಳು, ಅದನ್ನು ಬಳಸಿಕೊಂಡು ನಡೆದಳು, ಚಪ್ಪರ ದಾಟಿದಳು. ಬೊಗಸೆಯಿಂದ ಒಂದೆರಡು ಕಾಳು ಉದುರುತ್ತಿದ್ದವು. ಯಜಮಾನ "ಏಯ್ ಈರಿ" ಎಂದ. ಅವಳು ನಿಲ್ಲಲಿಲ್ಲ. ಯಾರೂ ಅಡ್ಡ ಬರಲಿಲ್ಲ. ನಾವೆಲ್ಲ ಹಿಂದೆ ಹೋದೆವು.

ಗಿರಿಯಮ್ಮ ರೊಪ್ಪದ ಬೇಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಮಗಳನ್ನು ಕಂಡು ಎರಡೂ ಕೈಯಲ್ಲಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. "ಬ್ಯಾಡ ಕಣೇ, ನಿನಗೆ ಒಳ್ಳೇದಾಗಲ್ಲ," ಎಂದಳು. ಈರಿಯ ಎರಡು ಕೈಯೂ ಅಕ್ಕಿಯಲ್ಲಿದ್ದವು. ಸೆರಗು ಬಿಡಿಸಲು ಅವಳಿಗೆ ಕೈ ಇರಲಿಲ್ಲ. ಗಂಡಿನ ಕಡೆಯ ಮುದುಕಿ ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು. ಈಗ ಹುಡುಗಿ ಅವರ ಮನೆಯವಳು, ಬೇಡವೆನ್ನುವುದಾದರೆ ಆ ಮುದುಕಿಯೇ ಎನ್ನಬೇಕು. ಅವಳು ಕೂತು, ಗಿರಿಯಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೆರಗನ್ನು ಅಗಲವಾಗಿ ಹಿಡಿದಳು.

"ಹಾಕವ್ವ," ಎಂದಳು ಈರಿಗೆ.